ಎಲೆಕ್ಟ್ರಾನ್ ಎಂಥ ವಸ್ತು? ಪದವಿ ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಭೌತಶಾಸ್ತ್ರದ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ನಾನು ರಾಯಚೂರಿನಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ಅಧ್ಯಾಪಕ. ರಾಜ್ಯವು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಪ್ರತಿಯೊಂದು ಪತ್ರಿಕೆಯ ಘಟಕಗಳನ್ನೂ ಹೊಸದಾಗಿ ಹೊಂದಿಸಬೇಕಾದ ಕೆಲಸ ತಮ್ಮ ಮೇಲೆ ಬಿದ್ದಿದೆ. ವಿದ್ಯಾರ್ಥಿಗಳು ಕ್ವಾಂಟಮ್ ಭೌತಶಾಸ್ತ್ರವನ್ನು ಗಂಭೀರವಾಗಿ ಓದುವುದು ಅಂತಿಮ ವರ್ಷದಲ್ಲಿ. ಆ ಘಟಕದ ಬಗ್ಗೆ ಮಾತ್ರ ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಇದು ನಾಲ್ಕು ಗೋಡೆಗಳ ನಡುವಿನ ಸಭೆಯಲ್ಲಿ ಮುಗಿಯಬೇಕಾದ ವಿಷಯವಲ್ಲ, ಸಿಂಧನೂರು, ಕುಷ್ಟಗಿ, ಸಿರುಗುಪ್ಪದಂಥ ಊರುಗಳ ಕಾಲೇಜುಗಳಲ್ಲಿ ಇದೇ ಪಾಠ ಮಾಡುವ ನನ್ನ ಸಹೋದ್ಯೋಗಿಗಳೂ ಇದನ್ನು ಓದಿ ಒಪ್ಪಬೇಕು ಅಥವಾ ತಿದ್ದಬೇಕು.

ನನ್ನ ಮಾತು ಒಂದೇ. ಎಲೆಕ್ಟ್ರಾನ್, ಫೋಟಾನ್ (ಬೆಳಕಿನ ಬಿಡಿ ಘಟಕ) ಮೊದಲಾದ ಕ್ವಾಂಟಮ್ ವಸ್ತುಗಳು ಎಂಥವು ಎಂಬ ಪ್ರಶ್ನೆಯಲ್ಲಿ ನಮ್ಮ ಪಾಠ 1927ರ ಸುಮಾರಿಗೆ ಬಂದು ನಿಂತುಬಿಟ್ಟಿದೆ. ಆಮೇಲೆ ನಡೆದದ್ದರಲ್ಲಿ ತೀರಾ ಮುಖ್ಯವಾದದ್ದು, ಅಂದರೆ ಭೌತವಿಜ್ಞಾನಿ ಜಾನ್ ಬೆಲ್ ಅವರು 1964ರಲ್ಲಿ ಮಂಡಿಸಿದ ತರ್ಕ ಮತ್ತು ಅದನ್ನು ಪರೀಕ್ಷಿಸಿದ ಪ್ರಯೋಗಗಳು, ಪದವಿ ಮುಗಿಸುವ ನಮ್ಮ ವಿದ್ಯಾರ್ಥಿಯ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೂ ಯೂಟ್ಯೂಬಿನಿಂದ ಬೀಳುತ್ತದೆ, ಅದೂ ಬಹುಪಾಲು ವಿಕಾರವಾಗಿ.

ಮೊದಲು ಈಗಿನ ಪರಿಸ್ಥಿತಿಯನ್ನು ನೋಡೋಣ. ದ್ವಿತೀಯ ಪಿಯುಸಿಯಲ್ಲಿ ‘ವಿಕಿರಣ ಮತ್ತು ದ್ರವ್ಯದ ದ್ವಿಸ್ವಭಾವ’ ಎಂಬ ಅಧ್ಯಾಯವಿದೆ. ಬೆಳಕು ಕೆಲವು ಪ್ರಯೋಗಗಳಲ್ಲಿ ತರಂಗದಂತೆ, ಕೆಲವು ಪ್ರಯೋಗಗಳಲ್ಲಿ ಕಣದಂತೆ ವರ್ತಿಸುತ್ತದೆ, ಎಲೆಕ್ಟ್ರಾನ್ ಕೂಡ ಹಾಗೆಯೇ ಎಂಬುದು ಅಲ್ಲಿ ವಿದ್ಯಾರ್ಥಿ ಉರು ಹೊಡೆಯುವ ಉತ್ತರ. ಎಲೆಕ್ಟ್ರಾನ್ ವಿವರ್ತನೆಯನ್ನು ನಿಕ್ಕಲ್ ಹರಳಿನ ಮೇಲೆ ತೋರಿಸಿದ ಡೇವಿಸನ್ ಮತ್ತು ಜರ್ಮರ್ ಅವರ 1927ರ ಪ್ರಯೋಗದ ಭಾಗವನ್ನು ಎನ್‌ಸಿಇಆರ್‌ಟಿ ಪುಸ್ತಕದಿಂದ ಪಠ್ಯಭಾರ ಇಳಿಸುವ ಹೆಸರಿನಲ್ಲಿ ಕೈಬಿಡಲಾಯಿತು. ಹೀಗಾಗಿ ತೀರ್ಮಾನ ಉಳಿಯಿತು, ಆ ತೀರ್ಮಾನಕ್ಕೆ ಬರುವ ದಾರಿ ಹೋಯಿತು. ಪದವಿಗೆ ಬಂದ ವಿದ್ಯಾರ್ಥಿ ಅದೇ ವಾಕ್ಯವನ್ನು ಇನ್ನಷ್ಟು ಸೂತ್ರಗಳೊಂದಿಗೆ ಓದುತ್ತಾನೆ, ಶ್ರೋಡಿಂಗರ್ ಸಮೀಕರಣ ಬರೆಯುತ್ತಾನೆ, ಪೆಟ್ಟಿಗೆಯೊಳಗಿನ ಕಣದ ಲೆಕ್ಕ ಬಿಡಿಸುತ್ತಾನೆ, ಹೈಡ್ರೋಜನ್ ಪರಮಾಣುವಿನವರೆಗೆ ಹೋಗಿ ನಿಲ್ಲುತ್ತಾನೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಯಾವ ವಸ್ತುವಿನ ಲೆಕ್ಕ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಅವನ ಮನಸ್ಸಿನಲ್ಲಿ ಉಳಿಯುವ ಚಿತ್ರ ನಮ್ಮ ಕಡೆಯ ಹಗಲುವೇಷದವರದ್ದು. ಬೆಳಿಗ್ಗೆ ರಾಮನಾಗಿ, ಸಂಜೆಗೆ ರಾವಣನಾಗಿ ಬಂದರೂ ಬಣ್ಣದ ಕೆಳಗೆ ಒಬ್ಬನೇ ಮನುಷ್ಯನಿದ್ದಾನೆ, ಅವನಿಗೊಂದು ಹೆಸರು, ಮನೆ, ಮಠ ಇದೆ ಎಂದು ನಾವು ತಿಳಿಯುತ್ತೇವಲ್ಲ, ಎಲೆಕ್ಟ್ರಾನನ್ನೂ ವಿದ್ಯಾರ್ಥಿ ಹಾಗೆಯೇ ಊಹಿಸಿಕೊಳ್ಳುತ್ತಾನೆ: ಒಳಗೆ ಒಂದು ಪುಟ್ಟ ಗುಂಡು, ಹೊರಗೆ ಒಮ್ಮೆ ಕಣದ ವೇಷ, ಒಮ್ಮೆ ತರಂಗದ ವೇಷ. ಪ್ರಶ್ನೆ ಇರುವುದು ಸರಿಯಾಗಿ ಇಲ್ಲಿಯೇ. ಬಣ್ಣದ ಕೆಳಗೆ ಅಂಥ ಒಬ್ಬ ಇದ್ದಾನೆ, ಅವನ ಎಲ್ಲ ವಿವರಗಳೂ ನಾವು ನೋಡುವ ಮೊದಲೇ ಸಿದ್ಧವಾಗಿವೆ ಎಂಬ ಊಹೆಯನ್ನೇ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಡ್ಡಬಹುದು ಎಂಬುದು ಬೆಲ್ ಅವರ ಕಾಣಿಕೆ.

ಕೆಲವು ಪ್ರಯೋಗದಲ್ಲಿ ಹೀಗೆ, ಕೆಲವು ಪ್ರಯೋಗದಲ್ಲಿ ಹಾಗೆ ಎಂಬ ವಾಕ್ಯವೂ ಪೂರ್ತಿ ಸರಿಯಲ್ಲ. ಜಪಾನಿನ ಹಿಟಾಚಿ ಸಂಸ್ಥೆಯಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಲೆಕ್ಟ್ರಾನ್‌ಗಳು ಒಂದರ ಹಿಂದೆ ಒಂದಾಗಿ, ಉಪಕರಣದೊಳಗೆ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಇರುವ ಸಂಭವವೇ ತೀರಾ ಕಡಿಮೆ ಎನ್ನುವಷ್ಟು ವಿರಳವಾಗಿ ಹೊರಟವು. ಪ್ರತಿಯೊಂದೂ ಪರದೆಯ ಮೇಲೆ ಒಂದೇ ಒಂದು ಚುಕ್ಕೆಯಾಗಿ ಬಿತ್ತು. ಚುಕ್ಕೆಗಳು ಸಾವಿರಗಟ್ಟಲೆ ಸೇರಿದಾಗ ವ್ಯತಿಕರಣದ, ಅಂದರೆ ತರಂಗಗಳು ಒಂದರ ಮೇಲೊಂದು ಬಿದ್ದಾಗ ಕಾಣುವಂಥ, ಪಟ್ಟಿಗಳು ಮೂಡಿದವು. ಚುಕ್ಕೆಯೂ ಪಟ್ಟಿಯೂ ಒಂದೇ ಪ್ರಯೋಗದಲ್ಲಿ, ಒಂದೇ ಪರದೆಯ ಮೇಲೆ ಇವೆ. ಫೋಟಾನ್‌ಗಳ ವಿಷಯದಲ್ಲಿ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಅವರು 1986ರಲ್ಲಿ ಒಂದೇ ಬಗೆಯ ಮೂಲದಿಂದ ಹೊರಟ ಒಂಟಿ ಫೋಟಾನ್‌ಗಳು ಅರೆಗನ್ನಡಿಯಲ್ಲಿ (ಬೆಳಕಿನ ಅರ್ಧವನ್ನು ಬಿಟ್ಟು ಅರ್ಧವನ್ನು ಮರಳಿಸುವ ಕನ್ನಡಿ) ಎರಡಾಗಿ ಒಡೆಯುವುದಿಲ್ಲ ಎಂಬುದನ್ನೂ, ಎರಡು ದಾರಿಗಳನ್ನು ಮತ್ತೆ ಕೂಡಿಸಿದಾಗ ವ್ಯತಿಕರಣ ಸಿಗುತ್ತದೆ ಎಂಬುದನ್ನೂ ತೋರಿಸಿದರು. ಇದು ತನ್ನದೇ ನಡವಳಿಕೆಯುಳ್ಳ ಮೂರನೆಯ ಜಾತಿಯ ವಸ್ತು. ಕಣ ಮತ್ತು ತರಂಗ ಎಂಬುವು ನಾವು ಕಲ್ಲು ಮತ್ತು ನೀರಿನಿಂದ ಕಲಿತು ತಂದ ಕಲ್ಪನೆಗಳು.

ಅನಿಶ್ಚಿತತಾ ತತ್ವವನ್ನು ನಾವು ಕಲಿಸುವ ರೀತಿ ಈ ತಪ್ಪು ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೈಸನ್‌ಬರ್ಗ್ ಅವರ 1927ರ ಗಾಮಾ ಕಿರಣ ಸೂಕ್ಷ್ಮದರ್ಶಕದ ಉದಾಹರಣೆ ಎಲ್ಲರ ಟಿಪ್ಪಣಿಯಲ್ಲೂ ಇದೆ: ಎಲೆಕ್ಟ್ರಾನನ್ನು ನೋಡಲು ಬೆಳಕು ಬಿಡಬೇಕು, ಬೆಳಕು ಅದನ್ನು ತಳ್ಳುತ್ತದೆ, ಆದ್ದರಿಂದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ನಿಖರವಾಗಿ ಅಳೆಯಲಾಗದು. ಇದನ್ನು ಕೇಳಿದ ಚುರುಕು ಹುಡುಗಿ ಸಹಜವಾಗಿಯೇ, ಎರಡೂ ಅದರ ಹತ್ತಿರ ಇದ್ದವು, ನಾವು ಕೈ ಹಾಕಿ ಕೆಡಿಸಿದೆವು ಎಂದು ತಿಳಿಯುತ್ತಾಳೆ. ಗಣಿತ ಹೇಳುವುದು ಅದಲ್ಲ. ಸ್ಥಾನವೂ ಸಂವೇಗವೂ ಒಟ್ಟಿಗೆ ಮೊನಚಾಗಿರುವ ಒಂದು ಸ್ಥಿತಿಯೇ ಆ ಸಿದ್ಧಾಂತದಲ್ಲಿಲ್ಲ. ಆ ಉದಾಹರಣೆಯನ್ನು ನೀಲ್ಸ್ ಬೋರ್ ಅವರೇ ಆಗ ಆಕ್ಷೇಪಿಸಿದ್ದರು. ಸುಮಾರು ನೂರು ವರ್ಷವಾಯಿತು, ನಮ್ಮ ಗೈಡುಗಳಿಗೆ ಆ ಆಕ್ಷೇಪ ತಲುಪಿಲ್ಲ.

ಈಗ ಬೆಲ್ ಅವರ ತರ್ಕಕ್ಕೆ ಬರುತ್ತೇನೆ. ಇದಕ್ಕೆ ಎಂ.ಎಸ್ಸಿ. ಗಣಿತ ಬೇಕು ಎಂಬ ಭಯ ಸಭೆಗಳಲ್ಲಿ ಬರುತ್ತದೆ, ಆದ್ದರಿಂದ ಅದನ್ನು ಇಲ್ಲಿಯೇ ಪೂರ್ತಿಯಾಗಿ ಹೇಳಿಬಿಡುತ್ತೇನೆ. ಕೂಡುವುದು, ಕಳೆಯುವುದು ಗೊತ್ತಿದ್ದರೆ ಸಾಕು.

ಒಂದು ಮೂಲದಿಂದ ಫೋಟಾನ್‌ಗಳು ಜೋಡಿಜೋಡಿಯಾಗಿ ಹೊರಡುತ್ತವೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಎರಡೂ ಕಡೆ ಒಂದೊಂದು ಪೋಲರಾಯ್ಡ್, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ದಾಟಲು ಬಿಡುವ ಹಾಳೆ ಇದೆ. ಜೋಡಿಯನ್ನು ತಕ್ಕ ರೀತಿಯಲ್ಲಿ ಹೆಣೆದು (ಇಂಗ್ಲಿಷಿನಲ್ಲಿ ಎಂಟ್ಯಾಂಗಲ್ ಮಾಡಿ) ಬಿಟ್ಟಿದ್ದರೆ, ಎರಡೂ ಪೋಲರಾಯ್ಡ್‌ಗಳು ಒಂದೇ ಕೋನದಲ್ಲಿರುವಾಗ ಫಲಿತಾಂಶ ಯಾವಾಗಲೂ ಒಂದೇ: ಎರಡೂ ದಾಟುತ್ತವೆ, ಇಲ್ಲವೇ ಎರಡೂ ತಡೆಯಲ್ಪಡುತ್ತವೆ. ಇದನ್ನು ಕಂಡ ಯಾರಿಗಾದರೂ ಮೊದಲು ಹೊಳೆಯುವ ವಿವರಣೆಯೆಂದರೆ, ಹೊರಡುವಾಗಲೇ ಎರಡೂ ಫೋಟಾನ್‌ಗಳು ಪ್ರತಿಯೊಂದು ಕೋನಕ್ಕೂ ಕೊಡಬೇಕಾದ ಉತ್ತರವನ್ನು ಒಂದೇ ರೀತಿ ಬರೆದುಕೊಂಡು ಹೊರಟಿವೆ ಎಂಬುದು. ಐನ್‌ಸ್ಟೈನ್, ಪೊಡೊಲ್ಸ್ಕಿ ಮತ್ತು ರೋಸೆನ್ ಅವರ 1935ರ ಪ್ರಬಂಧ ಕೇಳಿದ್ದೂ ಸ್ಥೂಲವಾಗಿ ಇಂಥದ್ದನ್ನೇ: ದೂರದಲ್ಲಿರುವುದನ್ನು ಮುಟ್ಟದೆ ಅದರ ಫಲಿತಾಂಶವನ್ನು ಖಚಿತವಾಗಿ ಹೇಳಬಹುದಾದರೆ, ಆ ಫಲಿತಾಂಶಕ್ಕೆ ಆಧಾರವಾದ ಗುಣ ಅಲ್ಲಿ ಮೊದಲೇ ಇರಬೇಕಲ್ಲವೇ?

ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಿರಿ. ಮೇಲೆ 0 ಡಿಗ್ರಿ, 30 ಡಿಗ್ರಿ, 60 ಡಿಗ್ರಿ ಎಂದು ಬರೆಯಿರಿ. ಕೆಳಗೆ ನೂರು ಸಾಲು, ಒಂದೊಂದು ಸಾಲು ಒಂದೊಂದು ಜೋಡಿಗೆ. ಪ್ರತಿ ಮನೆಯಲ್ಲಿ, ಆ ಕೋನದಲ್ಲಿ ಫೋಟಾನ್ ದಾಟುವಂತಿದ್ದರೆ ‘ದಾ’, ತಡೆಯಲ್ಪಡುವಂತಿದ್ದರೆ ‘ತ’ ಎಂದು ನಿಮಗೆ ಇಷ್ಟ ಬಂದಂತೆ ತುಂಬಿ. ಒಂದು ನಿಯಮ ಮಾತ್ರ: ಮೊದಲ ಮತ್ತು ಎರಡನೆಯ ಅಂಕಣಗಳು 25 ಸಾಲುಗಳಲ್ಲಿ ಬೇರೆಬೇರೆ ಇರಬೇಕು, ಎರಡನೆಯ ಮತ್ತು ಮೂರನೆಯ ಅಂಕಣಗಳೂ 25 ಸಾಲುಗಳಲ್ಲಿ ಬೇರೆಬೇರೆ ಇರಬೇಕು. ಈಗ ಮೊದಲನೆಯದಕ್ಕೂ ಮೂರನೆಯದಕ್ಕೂ ಎಷ್ಟು ಸಾಲುಗಳಲ್ಲಿ ವ್ಯತ್ಯಾಸ ಬರಬಹುದು? ಎಷ್ಟು ತಿಣುಕಿದರೂ 50ಕ್ಕಿಂತ ಹೆಚ್ಚು ಬಾರದು, ಏಕೆಂದರೆ ಮೊದಲನೆಯದೂ ಮೂರನೆಯದೂ ಬೇರೆಯಾಗಿರುವ ಸಾಲಿನಲ್ಲಿ ನಡುವಿನದು ಆ ಎರಡರಲ್ಲಿ ಒಂದರಿಂದಲಾದರೂ ಬೇರೆಯಾಗಿರಲೇಬೇಕು.

ಇನ್ನು ಕ್ವಾಂಟಮ್ ಸಿದ್ಧಾಂತ ಏನು ಹೇಳುತ್ತದೆ ನೋಡಿ. ಎರಡು ಪೋಲರಾಯ್ಡ್‌ಗಳ ನಡುವಿನ ಕೋನ ಎಷ್ಟಿದೆಯೋ ಅದರ ಸೈನ್‌ನ ವರ್ಗದಷ್ಟು ಪಾಲು ಜೋಡಿಗಳಲ್ಲಿ ಫಲಿತಾಂಶ ಬೇರೆಬೇರೆಯಾಗುತ್ತದೆ. 30 ಡಿಗ್ರಿಗೆ ಅದು ಕಾಲು ಭಾಗ, ಅಂದರೆ ನೂರಕ್ಕೆ 25. ನಿಯಮ ಸರಿಹೊಂದಿತು. ಆದರೆ 60 ಡಿಗ್ರಿಗೆ ಅದು ಮುಕ್ಕಾಲು ಭಾಗ, ನೂರಕ್ಕೆ 75. ಹಾಳೆಯಲ್ಲಿ 50 ದಾಟದ ಸಂಖ್ಯೆ ಇಲ್ಲಿ 75. ವಾಸ್ತವದ ಪ್ರಯೋಗದಲ್ಲಿ ಒಂದು ಜೋಡಿಯಿಂದ ಎರಡು ಅಂಕಣಗಳನ್ನಷ್ಟೇ ಓದಲು ಸಾಧ್ಯ, ಆದ್ದರಿಂದ ಯಾವ ಎರಡು ಎಂಬುದನ್ನು ಪ್ರತಿಸಲ ಯಾದೃಚ್ಛಿಕವಾಗಿ ಆರಿಸಿ ಬಹಳಷ್ಟು ಜೋಡಿಗಳ ಸರಾಸರಿ ತೆಗೆಯಬೇಕಾಗುತ್ತದೆ, ಉಪಕರಣದ ಲೋಪಗಳಿಗಾಗಿ ‘50ಕ್ಕಿಂತ ಹೆಚ್ಚಿಲ್ಲ’ ಎಂಬ ಈ ಅಸಮತೆಯ ರೂಪವನ್ನೂ ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ. ತರ್ಕದ ತಿರುಳು ಮಾತ್ರ ಇಷ್ಟೇ.

ಪ್ರಯೋಗಗಳು ಯಾರ ಪರ ನಿಂತವು ಎಂಬುದು ಈಗ ಇತಿಹಾಸ. ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್ 1972ರಲ್ಲಿ, ಪ್ಯಾರಿಸ್ ಸಮೀಪದ ಓರ್ಸೆಯಲ್ಲಿ ಆಸ್ಪೆ ಮತ್ತು ಸಂಗಡಿಗರು 1981-82ರಲ್ಲಿ ಕ್ವಾಂಟಮ್ ಸಿದ್ಧಾಂತದ ಸಂಖ್ಯೆಗಳನ್ನೇ ಕಂಡರು. ಫಲಿತಾಂಶಕ್ಕೆ ಬೇರೆ ವಿವರಣೆ ಕೊಡಲು ಉಳಿದಿದ್ದ ಸಂದುಗಳನ್ನು ಮುಚ್ಚುವ ಕೆಲಸ 2015ರಲ್ಲಿ ಆಯಿತು. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರದಲ್ಲಿಟ್ಟ ಎರಡು ವಜ್ರದ ಹರಳುಗಳೊಳಗಿನ ಎಲೆಕ್ಟ್ರಾನ್‌ಗಳ ಮೇಲೆ, ಹಾಗೆಯೇ ವಿಯೆನ್ನಾದಲ್ಲಿ ಮತ್ತು ಅಮೆರಿಕದಲ್ಲಿ ಫೋಟಾನ್‌ಗಳ ಮೇಲೆ ಆ ಪ್ರಯೋಗಗಳು ನಡೆದವು. ಆಸ್ಪೆ, ಕ್ಲೌಸರ್ ಮತ್ತು ಝೈಲಿಂಗರ್ ಅವರಿಗೆ 2022ರ ನೊಬೆಲ್ ಪಾರಿತೋಷಕ ಬಂತು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ಇದರಿಂದ ಏನು ಸಿದ್ಧವಾಯಿತು ಎಂಬಲ್ಲಿ ಎಚ್ಚರ ಬೇಕು, ಮತ್ತು ಪಠ್ಯದಲ್ಲಿ ಈ ಎಚ್ಚರವೇ ಹೆಚ್ಚು ಮುಖ್ಯ ಎಂದು ನನ್ನ ಭಾವನೆ. ಹಾಳೆಯ ಲೆಕ್ಕದಲ್ಲಿ ನಾವು ಸದ್ದಿಲ್ಲದೆ ಒಪ್ಪಿಕೊಂಡ ಸಂಗತಿಗಳಿವೆ: ಪ್ರತಿ ಕೋನಕ್ಕೂ ಉತ್ತರ ಮೊದಲೇ ಇತ್ತು, ಎಡಗಡೆ ಪೋಲರಾಯ್ಡ್ ತಿರುಗಿಸಿದರೆ ಬಲಗಡೆಯ ಉತ್ತರ ಬದಲಾಗದು, ಯಾವ ಕೋನ ಆರಿಸುತ್ತೇವೆ ಎಂಬುದಕ್ಕೂ ಜೋಡಿಯಲ್ಲಿ ಏನು ಬರೆದಿದೆ ಎಂಬುದಕ್ಕೂ ಸಂಬಂಧವಿಲ್ಲ. ಇವುಗಳಲ್ಲಿ ಒಂದನ್ನಾದರೂ ಬಿಡಲೇಬೇಕು. ಯಾವುದನ್ನು ಬಿಡಬೇಕೆಂದು ಪ್ರಯೋಗ ಹೇಳುವುದಿಲ್ಲ. ಬೋರ್ ಅವರ ಹಾದಿಯವರು ಮೊದಲನೆಯದನ್ನು ಬಿಡುತ್ತಾರೆ. ಅಳತೆಯ ಸಂದರ್ಭವನ್ನು ಬಿಟ್ಟು ಗುಣದ ಮಾತಾಡುವುದೇ ಅವರಿಗೆ ಅರ್ಥಹೀನ. ಡೇವಿಡ್ ಬೋಮ್ ಅವರ 1952ರ ಸಿದ್ಧಾಂತದಲ್ಲಿ ಕಣಕ್ಕೆ ಯಾವಾಗಲೂ ನಿಶ್ಚಿತ ಸ್ಥಾನವಿದೆ, ಆದರೆ ಇಲ್ಲಿ ಮಾಡಿದ್ದು ಅಲ್ಲಿ ತಟ್ಟುತ್ತದೆ. ಹ್ಯೂ ಎವೆರೆಟ್ ಅವರ 1957ರ ದೃಷ್ಟಿಯಲ್ಲಿ ಒಂದೇ ಫಲಿತಾಂಶ ಬಂತು ಎಂಬುದೇ ಸರಿಯಲ್ಲ, ಎಲ್ಲ ಫಲಿತಾಂಶಗಳೂ ಬೇರೆಬೇರೆ ಶಾಖೆಗಳಲ್ಲಿ ನಡೆಯುತ್ತವೆ. ತರಂಗ ಫಲನದ ಕುಸಿತವನ್ನು, ಅಂದರೆ ಹಲವು ಸಾಧ್ಯತೆಗಳು ಅಳತೆಯಲ್ಲಿ ಒಂದೇ ಆಗಿ ಉಳಿಯುವುದನ್ನು, ನಿಜವಾದ ಭೌತಿಕ ಘಟನೆಯೆಂದೇ ತಿಳಿದು ಸಮೀಕರಣವನ್ನು ತಿದ್ದಿದವರೂ ಇದ್ದಾರೆ. ಈ ಪೈಕಿ ನನಗೆ ಬೋಮ್ ಅವರ ದಾರಿ ಸಮಾಧಾನ ಕೊಡುವುದಿಲ್ಲ, ಆದರೆ ಅದು ತಪ್ಪೆಂದು ತರಗತಿಯಲ್ಲಿ ಹೇಳುವ ಅಧಿಕಾರ ನನಗಿಲ್ಲ. ಪ್ರಯೋಗಗಳು ವಾಸ್ತವವೇ ಇಲ್ಲವೆಂದು ಸಾಧಿಸಿದವು ಎಂದು ಪತ್ರಿಕೆಗಳಲ್ಲಿ ಬರುವ ತಲೆಬರಹ ಮಾತ್ರ ಖಂಡಿತ ತಪ್ಪು.

ವಸ್ತುವಿನ ಸ್ವರೂಪದ ಪ್ರಶ್ನೆಗೆ ಇನ್ನೊಂದು ಬಾಗಿಲೂ ಇದೆ, ಅದನ್ನು ತೆರೆದವರು ನಮ್ಮ ಉಪಖಂಡದವರೇ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್ ಅವರಿಗೆ ಕಳುಹಿಸಿದ ಪ್ರಬಂಧವನ್ನು ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು ಎಂಬ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಪ್ರಬಂಧದಲ್ಲಿ ಏನಿತ್ತು ಎಂಬುದನ್ನು ಬಿಟ್ಟುಬಿಡುತ್ತೇವೆ. ಎರಡು ಬೇರೆಬೇರೆ ಗುಂಡುಗಳನ್ನು ಎರಡು ಸ್ಥಿತಿಗಳಲ್ಲಿ ಹಂಚಲು ನಾಲ್ಕು ವಿಧಾನಗಳಿವೆ. ಎರಡು ಫೋಟಾನ್‌ಗಳಿಗೆ ಮೂರೇ, ಏಕೆಂದರೆ ಇದು ಅಲ್ಲಿ, ಅದು ಇಲ್ಲಿ ಎಂಬುದನ್ನು ಅದಲುಬದಲು ಮಾಡಿದರೆ ಹೊಸ ವಿಧಾನವಾಗುವುದಿಲ್ಲ. ಎರಡು ಎಲೆಕ್ಟ್ರಾನ್‌ಗಳಿಗೆ, ಒಂದು ಸ್ಥಿತಿಯಲ್ಲಿ ಎರಡು ಇರಲಾಗದು ಎಂಬ ಪೌಲಿ ಅವರ 1925ರ ನಿಯಮದ ಪ್ರಕಾರ, ಒಂದೇ. ಎಣಿಕೆಯ ಈ ವ್ಯತ್ಯಾಸದಿಂದಲೇ ಪ್ಲ್ಯಾಂಕ್ ವಿಕಿರಣ ಸೂತ್ರ ಬರುತ್ತದೆ, ಆವರ್ತ ಕೋಷ್ಟಕ ಬರುತ್ತದೆ. ನಮ್ಮ ಪಠ್ಯಕ್ರಮದಲ್ಲಿ ಇದೆಲ್ಲ ಸಾಂಖ್ಯಿಕ ಭೌತಶಾಸ್ತ್ರದ ಘಟಕದಲ್ಲಿ ಬೇರೆ ಸೆಮಿಸ್ಟರಿನಲ್ಲಿ ಕುಳಿತಿದೆ. ತನ್ನದೆಂಬ ಗುರುತೇ ಇಲ್ಲದ ವಸ್ತುವನ್ನು ವಸ್ತುವೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆಯೊಂದಿಗೆ ಅದನ್ನು ಜೋಡಿಸುವವರಿಲ್ಲ. ಕ್ಷೇತ್ರ ಸಿದ್ಧಾಂತಕ್ಕೆ ಹೋದರೆ ವಿಷಯ ಇನ್ನೂ ಆಳ. ಅಲ್ಲಿ ಎಲೆಕ್ಟ್ರಾನ್ ಎಂಬುದು ಎಲ್ಲೆಡೆ ಹರಡಿದ ಒಂದು ಕ್ಷೇತ್ರದ ಉದ್ರೇಕ. ನಿಂತವನಿಗೆ ಶೂನ್ಯವೆನಿಸುವ ಜಾಗದಲ್ಲಿ ವೇಗೋತ್ಕರ್ಷ ಪಡೆಯುತ್ತಿರುವವನಿಗೆ ಕಣಗಳು ಕಾಣಬೇಕೆಂದು ಉನ್ರು ಅವರು 1976ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಇದನ್ನು ಪದವಿಯಲ್ಲಿ ಕಲಿಸಿರೆಂದು ನಾನು ಕೇಳುವುದಿಲ್ಲ. ಕಣ ಎಂಬ ಕಲ್ಪನೆಯ ಕಾಲು ಅಲ್ಲಿಯೂ ಗಟ್ಟಿ ನೆಲದ ಮೇಲಿಲ್ಲ ಎಂಬುದು ಕಲಿಸುವವರಿಗಾದರೂ ನೆನಪಿರಲಿ.

ಆಕ್ಷೇಪಗಳು ನನಗೆ ಗೊತ್ತು. ಗಂಟೆಗಳು ಸಾಲವು ಎಂಬುದು ನಿಜ. ಆದರೆ ಬೆಲ್ ತರ್ಕಕ್ಕೆ ಮೂರ್ನಾಲ್ಕು ತರಗತಿಗಳು ಸಾಕು, ಗಾಮಾ ಕಿರಣ ಸೂಕ್ಷ್ಮದರ್ಶಕವನ್ನೂ ಹಳೆಯ ಕ್ವಾಂಟಮ್ ಸಿದ್ಧಾಂತದ ಕೆಲವು ನಿಷ್ಪತ್ತಿಗಳನ್ನೂ ತೆಗೆದರೆ ಅಷ್ಟು ಜಾಗ ಸಿಗುತ್ತದೆ. ಅಧ್ಯಾಪಕರೇ ಇದನ್ನು ಓದಿಲ್ಲ ಎಂಬುದೂ ನಿಜ, ಅದಕ್ಕೆ ಎರಡು ದಿನಗಳ ಕಾರ್ಯಾಗಾರ ಮಾಡಿದರಾಯಿತು. ನೌಕರಿಗೆ ಏನು ಉಪಯೋಗ ಎನ್ನುವವರಿಗೆ ಒಂದು ಸಂಗತಿ: ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2030-31ರವರೆಗೆ 6,003.65 ಕೋಟಿ ರೂಪಾಯಿ ಇದೆ. ಅದರ ಸುರಕ್ಷಿತ ಸಂವಹನ, ಕಂಪ್ಯೂಟರ್‌ಗಳಲ್ಲಿ ಹೆಣೆದುಕೊಂಡ ಸ್ಥಿತಿಗಳಿಗೆ ದೊಡ್ಡ ಪಾತ್ರವಿದೆ, ಮತ್ತು ಹೆಣಿಗೆ ಎಂದರೆ ಏನೆಂದು ತಿಳಿಯುವ ಅತಿ ಹತ್ತಿರದ ದಾರಿ ಮೇಲಿನ ಹಾಳೆಯೇ. ತರಂಗ ಫಲನದಿಂದ ಫಲಿತಾಂಶದ ಸಂಭವನೀಯತೆ ತೆಗೆಯುವ ಬಾರ್ನ್ ನಿಯಮವನ್ನು ಮೂರು ಸೀಳುಗಳ ಪ್ರಯೋಗದಿಂದ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ತಂಡದಲ್ಲಿದ್ದ ಊರ್ಬಶಿ ಸಿನ್ಹಾ ಅವರು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಾಲಯ ಕಟ್ಟಿದರು. ಅಡಿಪಾಯದ ಪ್ರಶ್ನೆ ಕೇಳುವವರು ಮತ್ತು ಯಂತ್ರ ಕಟ್ಟುವವರು ಬೇರೆಬೇರೆ ಜನ ಎಂದು ತಿಳಿಯಬೇಕಿಲ್ಲ.

ಇನ್ನೊಂದು ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗಾಳಿಯಲ್ಲಿ ಸದಾ ಇರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಹೇಗೋ ಈಜಿ ಬಂದ ನಮ್ಮ ಭಾಗದ ಮಕ್ಕಳಿಗೆ ಇಂಥ ಸೂಕ್ಷ್ಮ ಯಾಕೆ, ಪಾಸಾದರೆ ಸಾಕು ಎಂಬುದು. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371-ಜೆ ವಿಧಿಯಡಿ ಸೀಟು ಸಿಕ್ಕರೆ ಸಾಲದು, ಸೀಟಿನಲ್ಲಿ ಕುಳಿತ ಮೇಲೆ ಬೇರೆಯವರು ಓದುವುದನ್ನೇ ಓದುವಂತಿರಬೇಕು. ನನ್ನ ಅನುಭವದಲ್ಲಂತೂ ಅಂಕಣಗಳ ಹಾಳೆಯನ್ನು ಕನ್ನಡದಲ್ಲಿ ವಿವರಿಸಿದ ದಿನ ಕೊನೆಯ ಬೆಂಚಿನವರೂ ಪೆನ್ನು ಹಿಡಿದು 51 ತರಲು ಹಠಕ್ಕೆ ಬೀಳುತ್ತಾರೆ. ಇಂಗ್ಲಿಷಿನಲ್ಲಿ ಡಿ ಬ್ರಾಯ್ ತರಂಗದೂರದ ಸೂತ್ರ ಬರೆಸಿದ ದಿನ ಹಾಗೆ ಆಗುವುದಿಲ್ಲ.

ನಾವು ಕಲಿಸದೆ ಬಿಟ್ಟ ಜಾಗ ಖಾಲಿಯೂ ಉಳಿಯುವುದಿಲ್ಲ. ಕ್ವಾಂಟಮ್ ಶಕ್ತಿಯ ಪದಕ, ಕ್ವಾಂಟಮ್ ಚಿಕಿತ್ಸೆ, ಮನಸ್ಸಿನಿಂದಲೇ ವಸ್ತು ಹುಟ್ಟುತ್ತದೆ ಎಂಬ ಪ್ರವಚನ, ಇವೆಲ್ಲ ನಮ್ಮ ವಿದ್ಯಾರ್ಥಿಗಳ ಮೊಬೈಲಿಗೆ ದಿನವೂ ಬರುತ್ತಿವೆ. ಅಳತೆ ಎಂದರೆ ಪೋಲರಾಯ್ಡ್ ಮತ್ತು ಪತ್ತೆಯಂತ್ರದ ಕೆಲಸ, ಅದಕ್ಕೆ ಯಾರ ಮನಸ್ಸೂ ಬೇಕಿಲ್ಲ ಎಂದು ಹೇಳಬಲ್ಲ ಪದವೀಧರ ಊರಿಗೊಬ್ಬನಾದರೂ ಇರಲಿ.

ಆದ್ದರಿಂದ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಇಡುತ್ತೇನೆ. ಕ್ವಾಂಟಮ್ ಘಟಕವನ್ನು ದ್ವಿಸ್ವಭಾವದಿಂದ ಆರಂಭಿಸದೆ ಟೊನೊಮುರಾ ಅವರ ಚುಕ್ಕೆಗಳಿಂದ ಆರಂಭಿಸಬೇಕು. ಬೆಲ್ ತರ್ಕವನ್ನು ಮೇಲಿನ ಅಂಕಣಗಳ ರೂಪದಲ್ಲಿ ಕಡ್ಡಾಯ ಪಾಠವಾಗಿಸಬೇಕು. ವ್ಯಾಖ್ಯಾನಗಳ ಬಗ್ಗೆ ಒಂದು ತರಗತಿಯಾದರೂ ಮೀಸಲಿಟ್ಟು, ಯಾವುದು ಪ್ರಯೋಗದಿಂದ ತೀರ್ಮಾನವಾಗಿದೆ, ಯಾವುದು ಆಗಿಲ್ಲ ಎಂಬುದನ್ನು ಬೇರೆ ಮಾಡಿ ಹೇಳಬೇಕು. ಪರೀಕ್ಷೆಯಲ್ಲಿ ದ್ವಿಸ್ವಭಾವ ಎಂದರೇನು ಎಂಬ ಎರಡಂಕದ ಪ್ರಶ್ನೆ ಇರುವವರೆಗೆ ಇದಾವುದೂ ಉಳಿಯದು, ಆದ್ದರಿಂದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಅದರ ಜಾಗಕ್ಕೆ ಅಂಕಣಗಳ ಲೆಕ್ಕ ಬರಬೇಕು.

ಪ್ರಾಯೋಗಿಕ ಪತ್ರಿಕೆಗೆ ಹೊಸ ಉಪಕರಣ ಬೇಕಿಲ್ಲ. ಮಾಲಸ್ ನಿಯಮಕ್ಕೆ (ಎರಡು ಪೋಲರಾಯ್ಡ್‌ಗಳ ನಡುವಿನ ಕೋನಕ್ಕೆ ತಕ್ಕಂತೆ ಎಷ್ಟು ಬೆಳಕು ದಾಟುತ್ತದೆ ಎಂಬ ನಿಯಮ) ಬಳಸುವ ಪೋಲರಾಯ್ಡ್‌ಗಳೇ ಸಾಕು. ಎರಡನ್ನು ಒಂದಕ್ಕೊಂದು ಲಂಬವಾಗಿ ಹಿಡಿದರೆ ಕತ್ತಲೆ. ನಡುವೆ ಮೂರನೆಯದನ್ನು 45 ಡಿಗ್ರಿಯಲ್ಲಿ ತೂರಿಸಿದರೆ ಬೆಳಕು ಮತ್ತೆ ಬರುತ್ತದೆ, ಆದರ್ಶ ಪೋಲರಾಯ್ಡ್‌ಗಳಾದರೆ ಮೂಲದ ಎಂಟನೆಯ ಒಂದು ಭಾಗ. ದೀಪದ ಬೆಳಕಿಗೆ ತರಂಗ ಸಿದ್ಧಾಂತವೇ ಇದನ್ನು ವಿವರಿಸುತ್ತದೆ ಎಂದು ಮೊದಲು ಬರೆಸಿ, ಫೋಟಾನ್‌ಗಳು ಒಂದೊಂದಾಗಿ ಬಂದರೂ ಅದೇ ಪಾಲು ಸಿಗುತ್ತದೆ, ಆಗ ಏನು ಹೇಳುತ್ತೀರಿ ಎಂದು ವೈವಾದಲ್ಲಿ ಕೇಳಬಹುದು. ಈ ಪ್ರಯೋಗದ ಕೈಪಿಡಿ ಮತ್ತು ನೂರು ಸಾಲಿನ ಹಾಳೆ ಎರಡನ್ನೂ ಕನ್ನಡದಲ್ಲಿ ಸಿದ್ಧಪಡಿಸಿದ್ದೇನೆ. ಮಂಡಳಿ ಸೂಚಿಸಿದ ದಿನ ತಂದೊಪ್ಪಿಸಿ, ಸದಸ್ಯರ ಮುಂದೆಯೇ ಮಾಡಿ ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಅಧ್ಯಾಪಕ,
ರಾಯಚೂರು